ಹುತ್ತಕ್ಕೂ ಕುಂಬಾರನೇ ಬೇಕೆ?

"ಇಷ್ಟೆಲ್ಲ ತಾನಾಗಿಯೇ ಆಗಿಬಿಟ್ಟಿತೇ? ಮಾಡಿದವನು ಒಬ್ಬ ಇರಲೇಬೇಕಲ್ಲ!" ದೇವರ ಮಾತು ಬಂದಾಗ ಜಗಲಿಯಲ್ಲೋ ಬಸ್ಸಿನಲ್ಲೋ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಎದುರಿಗಿದ್ದವರು ಹೌದೆಂದು ತಲೆಯಾಡಿಸುತ್ತಾರೆ. ಇಲ್ಲವೇ "ಹಾಗಾದರೆ ಆ ದೇವರನ್ನು ಮಾಡಿದವರು ಯಾರು?" ಎಂದು ಕೇಳುತ್ತಾರೆ. ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಅಷ್ಟು ಬೇಗ ಮುಗಿಯಬೇಕಾದ ಮಾತಲ್ಲ ಇದು. ಈ ಎರಡು ಸಾಲಿನ ವಾದವನ್ನು ಹಿಡಿದು ಭಾರತದ ತಾರ್ಕಿಕರು ಸುಮಾರು ಸಾವಿರ ವರ್ಷ ಸೆಣಸಾಡಿದ್ದಾರೆ. ಅದರ ಒಂದೊಂದು ಪದವನ್ನೂ ಎತ್ತಿ ತೂಗಿದ್ದಾರೆ. ಆ ತೂಗುವಿಕೆಯ ಅರಿವಿಲ್ಲದೆ ನಾವು ಇವತ್ತು ಆಸ್ತಿಕರೋ ನಾಸ್ತಿಕರೋ ಆಗಿಬಿಡುವುದು ದೊಡ್ಡ ನಷ್ಟವೆಂದು ನನಗೆ ಅನ್ನಿಸುತ್ತದೆ.

ವಾದವನ್ನು ಅತ್ಯಂತ ಬಲವಾಗಿ ಕಟ್ಟಿದವರು ಮಿಥಿಲೆಯ ಉದಯನಾಚಾರ್ಯರು. ಹತ್ತನೇ ಶತಮಾನದ ಕೊನೆ, ಹನ್ನೊಂದನೆಯದರ ಆರಂಭ ಅವರ ಕಾಲ. ಐದು ಸ್ತಬಕಗಳ ಅವರ 'ನ್ಯಾಯಕುಸುಮಾಂಜಲಿ' ದೇವರ ಅಸ್ತಿತ್ವವನ್ನು ಸಾಧಿಸಲೆಂದೇ ಬರೆದ ಗ್ರಂಥ. ಆದರೆ ಅದು ಶುರುವಾಗುವುದು ವಿಚಿತ್ರವಾದ ಒಂದು ಮಾತಿನಿಂದ. ಎಲ್ಲರೂ ಒಂದಲ್ಲ ಒಂದು ಹೆಸರಿನಲ್ಲಿ ಅವನನ್ನು ಒಪ್ಪಿಕೊಂಡೇ ಇದ್ದಾರೆ, ಕುಶಲಕರ್ಮಿಗಳು ಸಹ ವಿಶ್ವಕರ್ಮನೆಂದು ಪೂಜಿಸುತ್ತಾರೆ, ಹೀಗಿರುವಾಗ ಅವನ ಬಗ್ಗೆ ಸಂದೇಹವೆಲ್ಲಿ ಬಂತು ಎಂದು ಅವರೇ ಕೇಳುತ್ತಾರೆ. ಸಂದೇಹವಿಲ್ಲದಿದ್ದರೆ ಗ್ರಂಥವೇಕೆ? ಅದಕ್ಕೂ ಉತ್ತರ ಕೊಡುತ್ತಾರೆ: ಕೇಳಿ ತಿಳಿದದ್ದನ್ನು ಯುಕ್ತಿಯಿಂದ ಮನನ ಮಾಡುವುದೂ ಉಪಾಸನೆಯೇ, ಈ ತರ್ಕಚರ್ಚೆಯೇ ನನ್ನ ಪೂಜೆ. ಪೂಜೆ ಎಂದರೂ ಎದುರಾಳಿಗೆ ಎಲ್ಲೂ ರಿಯಾಯಿತಿ ತೋರಿಸುವುದಿಲ್ಲ, ತನಗೂ ತೋರಿಸಿಕೊಳ್ಳುವುದಿಲ್ಲ. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಉತ್ತರಿಸುವುದು ಅವರ ಕ್ರಮ.

ಇವತ್ತಿಗೂ ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಕಲಿಯಲು ಕೂತ ಹುಡುಗ ಮೊದಲು ಹಿಡಿಯುವುದು ಅನ್ನಂಭಟ್ಟರ 'ತರ್ಕಸಂಗ್ರಹ'ವನ್ನು. ಅದಕ್ಕೆ ಅವರೇ ಬರೆದ 'ದೀಪಿಕೆ'ಯಲ್ಲಿ ಈ ವಾದದ ಸಾರ ಒಂದೇ ಉಸಿರಿನಲ್ಲಿ ಬಂದುಬಿಡುತ್ತದೆ. ಭೂಮಿ, ಮೊಳಕೆ ಮೊದಲಾದವುಗಳಿಗೆ ಕರ್ತೃ ಇದ್ದಾನೆ. ಏಕೆಂದರೆ ಅವು ಕಾರ್ಯಗಳು, ಅಂದರೆ ಒಂದು ಕಾಲದಲ್ಲಿ ಇಲ್ಲದೆ ಆಮೇಲೆ ಉಂಟಾದವು. ಉದಾಹರಣೆಗೆ, ಮಡಕೆ. ಕಾರ್ಯವಾದದ್ದಕ್ಕೆಲ್ಲ ಕರ್ತೃ ಇರುವುದನ್ನು ಮಡಕೆಯಲ್ಲಿ ನೋಡಿದ್ದೇವೆ. ಭೂಮಿಯೂ ಕಾರ್ಯ. ಆದ್ದರಿಂದ ಭೂಮಿಗೂ ಕರ್ತೃ ಇರಬೇಕು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತೇವಲ್ಲ, ಇದರ ಕಟ್ಟೂ ಅದೇ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ಗಟ್ಟಿ ನಂಟಿಗೆ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ವ್ಯಾಪ್ತಿ ಎನ್ನುತ್ತಾರೆ. ವಾದದ ಪ್ರಾಣ ಇರುವುದೇ ಅಲ್ಲಿ. ಕಾರ್ಯಕ್ಕೂ ಕರ್ತೃವಿಗೂ ಅಂಥ ನಂಟು ಇದೆಯೇ ಎಂಬುದೇ ಸಾವಿರ ವರ್ಷದ ಜಗಳ.

ಇಲ್ಲೊಂದು ಎಚ್ಚರಿಕೆ ಬೇಕು. ನೈಯಾಯಿಕರ ದೇವರು ಶೂನ್ಯದಿಂದ ಜಗತ್ತನ್ನು ಸೃಷ್ಟಿಸುವವನಲ್ಲ. ಪರಮಾಣುಗಳು ಅನಾದಿ, ಜೀವರು ಅನಾದಿ, ಅವರ ಕರ್ಮದ ಲೆಕ್ಕವೂ ಅನಾದಿ. ಇರುವ ಮಣ್ಣನ್ನು ಕುಂಬಾರ ಮಡಕೆಯಾಗಿಸುವ ಹಾಗೆ ಇರುವ ಪರಮಾಣುಗಳನ್ನು ಜೋಡಿಸುವವನು ಈಶ್ವರ. ಹಾಗಾಗಿ "ದೇವರನ್ನು ಮಾಡಿದವರು ಯಾರು?" ಎಂಬ ಪ್ರಶ್ನೆ ಈ ವಾದವನ್ನು ತಾಕುವುದೇ ಇಲ್ಲ. ಕರ್ತೃ ಬೇಕಾಗಿರುವುದು ಉಂಟಾದದ್ದಕ್ಕೆ, ಇರುವುದಕ್ಕೆಲ್ಲ ಅಲ್ಲ. ಜಗಲಿಯ ಜಗಳದಲ್ಲಿ ನಾವು ಕೊಡಲಿಯೇಟು ಎಂದುಕೊಂಡದ್ದು ಇಲ್ಲಿ ಗುರಿಯನ್ನೇ ಮುಟ್ಟುವುದಿಲ್ಲ.

ಗುರಿ ಮುಟ್ಟಿದ ಏಟುಗಳು ಬೇರೆ ಇವೆ. ಎಲ್ಲಕ್ಕಿಂತ ಸರಳವಾದದ್ದು ಹುಲ್ಲಿನದು. ಯಾರೂ ಉಳದ, ಬಿತ್ತದ ಕಾಡಿನ ನೆಲದಲ್ಲಿ ಮಳೆ ಬಿದ್ದ ಮೇಲೆ ಹುಲ್ಲು ಮೊಳೆಯುತ್ತದೆ. ಅದು ಕಾರ್ಯ ಹೌದು, ನಿನ್ನೆ ಇರಲಿಲ್ಲ, ಇವತ್ತಿದೆ. ಮಾಡಿದವನು ಮಾತ್ರ ಕಾಣುವುದಿಲ್ಲ. ಹಾಗಾದರೆ ಕಾರ್ಯವಾದದ್ದಕ್ಕೆಲ್ಲ ಕರ್ತೃ ಇರುತ್ತಾನೆ ಎಂಬ ನಿಯಮ ಅಲ್ಲೇ ಮುರಿದುಬೀಳಲಿಲ್ಲವೇ? ನೈಯಾಯಿಕ ಬಗ್ಗುವುದಿಲ್ಲ. ಹುಲ್ಲಿಗೆ ಕರ್ತೃ ಇದ್ದಾನೋ ಇಲ್ಲವೋ ಎಂಬುದೇ ಈಗ ತೀರ್ಮಾನವಾಗಬೇಕಾದ ವಿಷಯ, ಅದು ಪಕ್ಷದೊಳಗೇ ಸೇರಿದೆ, ತೀರ್ಮಾನವಾಗದ ವಿಷಯವನ್ನೇ ನಿಯಮಕ್ಕೆ ವಿರುದ್ಧ ಸಾಕ್ಷಿಯಾಗಿ ತರುವಂತಿಲ್ಲ ಎನ್ನುತ್ತಾನೆ. ಬೆಟ್ಟದಲ್ಲಿ ಬೆಂಕಿ ಕಾಣುತ್ತಿಲ್ಲವಾದ್ದರಿಂದ ಹೊಗೆಗೂ ಬೆಂಕಿಗೂ ನಂಟಿಲ್ಲ ಎಂದು ವಾದಿಸಿದರೆ ಯಾವ ಊಹೆಯೂ ನಿಲ್ಲದು. ಈ ಉತ್ತರ ಮೇಲ್ನೋಟಕ್ಕೆ ಜಾರಿಕೊಳ್ಳುವ ಉಪಾಯದಂತೆ ಕಂಡರೂ ತರ್ಕದ ನಿಯಮದ ಪ್ರಕಾರ ಸರಿಯೇ ಇದೆ. ಆದರೆ ಎದುರಾಳಿಗೂ ಒಂದು ಹಕ್ಕು ಉಳಿಯುತ್ತದೆ. ಬೆಟ್ಟದ ಬೆಂಕಿ ಕಾಣದಿರುವುದು ದೂರದ ಕಾರಣಕ್ಕೆ, ಹತ್ತಿರ ಹೋದರೆ ಕಾಣುತ್ತದೆ. ಹುಲ್ಲಿನ ಪಕ್ಕದಲ್ಲೇ ಕೂತು ಕಾದರೂ ಕರ್ತೃ ಕಾಣುವುದಿಲ್ಲ. ಎಂದೂ ಕಾಣಲು ಸಾಧ್ಯವೇ ಇಲ್ಲದ ಬೆಂಕಿಯನ್ನು ಹೊಗೆಯಿಂದ ಊಹಿಸಬಹುದೇ ಎಂದು ಬೌದ್ಧರು ಕೇಳಿದರು. ಈ ಪ್ರಶ್ನೆಯ ಸುತ್ತಲೇ ಪುಟಗಟ್ಟಲೆ ಸಾಹಿತ್ಯ ಬೆಳೆದಿದೆ.

ಆರು ಅಥವಾ ಏಳನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯವರ 'ಪ್ರಮಾಣವಾರ್ತಿಕ'ದಲ್ಲಿ ಬರುವ ಆಕ್ಷೇಪ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದು ಹುತ್ತದ ಆಕ್ಷೇಪ. ಮಡಕೆ ಮಣ್ಣಿನಿಂದಾದ ಒಂದು ಆಕಾರ, ಅದನ್ನು ಕುಂಬಾರ ಮಾಡುತ್ತಾನೆ. ಹುತ್ತವೂ ಮಣ್ಣಿನಿಂದಾದ ಒಂದು ಆಕಾರ. ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಎಂದು ಸಾಧಿಸಿದಂತಾಗಲಿಲ್ಲವೇ? ಎರಡು ವಸ್ತುಗಳಿಗೆ ಒಂದೇ ಪದ ಹೊಂದುತ್ತದೆ ಎಂದ ಮಾತ್ರಕ್ಕೆ ಒಂದರ ಕಾರಣ ಇನ್ನೊಂದಕ್ಕೂ ಕಾರಣವಾಗುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಯಾವ ಬಗೆಯ ರಚನೆಯನ್ನು ಕಂಡ ಕೂಡಲೇ, ಮಾಡಿದವನನ್ನು ನೋಡದಿದ್ದರೂ, "ಇದನ್ನು ಯಾರೋ ಮಾಡಿದ್ದಾರೆ" ಎಂದು ನಮಗೆ ಹೊಳೆಯುತ್ತದೋ ಆ ಬಗೆಯ ರಚನೆಗೆ ಮಾತ್ರ ಆ ಊಹೆ ಸಲ್ಲುತ್ತದೆ. ಪಾಳುಬಿದ್ದ ಗುಡಿಯನ್ನು ಕಂಡರೆ ಹಾಗೆ ಹೊಳೆಯುತ್ತದೆ. ಬೆಟ್ಟವನ್ನು ಕಂಡರೆ ಹೊಳೆಯುವುದಿಲ್ಲ.

ಹುತ್ತವನ್ನು ನಮ್ಮ ಹೊಲದ ಬದುವಿನಲ್ಲಿ ಒಮ್ಮೆ ಹತ್ತಿರದಿಂದ ನೋಡಬೇಕು. ನಾಗರಪಂಚಮಿಗೆ ಹಾಲೆರೆಯಲು ಹೋದಾಗ ನೋಡುವ ನೋಟವಲ್ಲ, ಮಳೆಗಾಲದ ಆರಂಭದಲ್ಲಿ ಅದು ಬೆಳೆಯುವಾಗಿನ ನೋಟ. ಹಸಿ ಮಣ್ಣಿನ ಚಿಕ್ಕ ಚಿಕ್ಕ ಉಂಡೆಗಳನ್ನು ಗೆದ್ದಲು ಹುಳುಗಳು ಬಾಯಲ್ಲಿ ಕಚ್ಚಿ ತಂದು, ಜೊಲ್ಲಿನಿಂದ ಅಂಟಿಸುತ್ತವೆ. ಅಂಚು ಒದ್ದೆಯಾಗಿ ಕಪ್ಪಗಿರುತ್ತದೆ, ಒಣಗಿದ ಹಳೆಯ ಭಾಗ ಕೆಂಪಗೆ ಕಲ್ಲಿನಂತಿರುತ್ತದೆ. ಮುರಿದು ನೋಡಿದರೆ ಒಳಗೆ ಗಾಳಿಯಾಡುವ ಸುರಂಗಗಳು, ಗೂಡುಗಳು. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ. 1959ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಪಿಯರ್ ಪಾಲ್ ಗ್ರಾಸೆ ಇದರ ಗುಟ್ಟನ್ನು ವಿವರಿಸಿದರು: ಒಂದು ಹುಳು ಇಟ್ಟ ಉಂಡೆಯೇ ಮತ್ತೊಂದು ಹುಳುವಿಗೆ ಅಲ್ಲಿಯೇ ಮುಂದಿನ ಉಂಡೆ ಇಡಲು ಪ್ರಚೋದನೆ. ಆಗಿರುವ ಕೆಲಸವೇ ಮುಂದಿನ ಕೆಲಸವನ್ನು ಹೇಳಿಕೊಡುತ್ತದೆ. ಪೂರ್ಣ ಹುತ್ತದ ಕಲ್ಪನೆ ಯಾವ ಹುಳುವಿನ ತಲೆಯಲ್ಲೂ ಇರಬೇಕಾಗಿಲ್ಲ. ಧರ್ಮಕೀರ್ತಿಯವರಿಗೆ ಇದು ಗೊತ್ತಿರಲಿಲ್ಲ, ಆದರೆ ಅವರು ಆರಿಸಿಕೊಂಡ ಉದಾಹರಣೆ ಅವರಿಗೇ ತಿಳಿಯದಷ್ಟು ಚೂಪಾಗಿತ್ತು. ನೈಯಾಯಿಕನಿಗೂ ಒಂದು ಉತ್ತರ ಉಳಿದೇ ಇದೆಯೆನ್ನಿ. ಹುಳುವೂ ಚೇತನವೇ, ಅದಕ್ಕೂ ಅರಿವು, ಬಯಕೆ, ಪ್ರಯತ್ನ ಇವೆ, ಆದ್ದರಿಂದ ಹುತ್ತಕ್ಕೂ ಕರ್ತೃಗಳಿದ್ದಾರೆ ಎನ್ನಬಹುದು. ಹಾಗೆಂದ ಕೂಡಲೇ ಅವನು ಒಬ್ಬ ಕರ್ತೃವಿನಿಂದ ಲಕ್ಷ ಕರ್ತೃಗಳಿಗೆ ಬಂದು ನಿಂತಿರುತ್ತಾನೆ. ಇದು ಅವನಿಗೆ ಬೇಕಾಗಿದ್ದ ಜಾಗವಲ್ಲ.

ಅರಿವು, ಬಯಕೆ, ಪ್ರಯತ್ನ: ಈ ಮೂರನ್ನು ಸುಮ್ಮನೆ ಹೇಳಲಿಲ್ಲ. ನ್ಯಾಯದರ್ಶನದಲ್ಲಿ ಕರ್ತೃವಿನ ಲಕ್ಷಣವೇ ಅದು. ಯಾವುದರಿಂದ ಮಾಡಬೇಕೋ ಆ ವಸ್ತುವಿನ ಪ್ರತ್ಯಕ್ಷ ಜ್ಞಾನ, ಮಾಡಬೇಕೆಂಬ ಇಚ್ಛೆ, ಮಾಡುವ ಪ್ರಯತ್ನ. ಈ ಪಟ್ಟಿಯಲ್ಲಿ ಮೈಯಿಲ್ಲ ಎಂಬುದನ್ನು ಗಮನಿಸಬೇಕು. ಎದುರಾಳಿಗಳು ಹಿಡಿದದ್ದು ಅದನ್ನೇ. ಇಲ್ಲಿ ಉಪಾಧಿ ಎಂಬ ಸೂಕ್ಷ್ಮವಾದ ಸಾಧನ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ನಿಜ. ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ನಿಜವಾಗಿ ಬೇಕಾದದ್ದು ಹಸಿ ಸೌದೆ. ನಾವು ಮರೆತ ಆ ಹಸಿ ಸೌದೆಯೇ ಉಪಾಧಿ. ಅದನ್ನು ಮರೆತು ಕಟ್ಟಿದ ಊಹೆ ಬಿದ್ದುಹೋಗುತ್ತದೆ. ಈಶ್ವರವಾದದಲ್ಲಿ ನೀವು ಮರೆತ ಹಸಿ ಸೌದೆ ಶರೀರ ಎಂದರು ಎದುರಾಳಿಗಳು. ಮಡಕೆ ಮಾಡಿದ್ದು ಕುಂಬಾರನ ಜ್ಞಾನವೊಂದೇ ಅಲ್ಲ, ಅವನ ಕೈ. ಶರೀರವಿರುವವನು ಮಾಡಿದ ಕಾರ್ಯಗಳಿಗೆ ಮಾತ್ರ ಕರ್ತೃ ಇರುವುದನ್ನು ಕಂಡಿದ್ದೇವೆ. ನೈಯಾಯಿಕರು ಕೊಟ್ಟ ಮರುತ್ತರವೂ ಸೊಗಸಾಗಿದೆ: ಕುಂಬಾರ ಚಕ್ರವನ್ನು ಕೈಯಿಂದ ತಿರುಗಿಸುತ್ತಾನೆ, ಸರಿ. ಕೈಯನ್ನು ಯಾವುದರಿಂದ ಆಡಿಸುತ್ತಾನೆ? ಇನ್ನೊಂದು ಕೈಯಿಂದಲ್ಲವಲ್ಲ. ಆತ್ಮ ತನ್ನ ಪ್ರಯತ್ನ ಮಾತ್ರದಿಂದ ಮೈಯನ್ನು ಅಲ್ಲಾಡಿಸಬಲ್ಲದಾದರೆ ಈಶ್ವರ ತನ್ನ ಪ್ರಯತ್ನ ಮಾತ್ರದಿಂದ ಪರಮಾಣುಗಳನ್ನು ಅಲ್ಲಾಡಿಸಬಾರದೇಕೆ? ಈ ಒಂದು ವಿನಿಮಯವನ್ನು ಓದಿದವರಿಗೆ ತರ್ಕಶಾಸ್ತ್ರ ಒಣಶಾಸ್ತ್ರ ಎನ್ನುವ ಮಾತು ಬಾಯಿಗೆ ಬರಲಾರದು.

ವೇದವನ್ನು ಅಕ್ಷರಕ್ಷರ ನಂಬಿದ ಮೀಮಾಂಸಕರೂ ಎದುರಾಳಿಗಳ ಸಾಲಿನಲ್ಲಿದ್ದರು. ಇದು ಹಲವರಿಗೆ ಆಶ್ಚರ್ಯದ ಸಂಗತಿ. ಏಳನೇ ಶತಮಾನದ ಕುಮಾರಿಲ ಭಟ್ಟರು 'ಶ್ಲೋಕವಾರ್ತಿಕ'ದಲ್ಲಿ ಸೃಷ್ಟಿಕರ್ತನನ್ನು ಒಪ್ಪದೆ ಕೇಳುವ ಪ್ರಶ್ನೆಗಳು ಇವತ್ತಿನ ಯಾವ ವಿಚಾರವಾದಿಯ ಪ್ರಶ್ನೆಗೂ ಕಡಿಮೆಯಲ್ಲ. ಏನೂ ಕೊರತೆಯಿಲ್ಲದವನು ಯಾವ ಪ್ರಯೋಜನಕ್ಕೆಂದು ಸೃಷ್ಟಿಸಿದ? ಕರುಣೆಯಿಂದ ಎನ್ನುವಿರಾದರೆ, ಸೃಷ್ಟಿಗೆ ಮುಂಚೆ ಕರುಣೆ ತೋರಿಸಬೇಕಾದ ದುಃಖಿಗಳೇ ಇರಲಿಲ್ಲವಲ್ಲ? ಕರುಣೆಯೇ ಕಾರಣವಾಗಿದ್ದರೆ ಸುಖದಿಂದಿರುವ ಜೀವಿಗಳನ್ನಷ್ಟೇ ಸೃಷ್ಟಿಸಬೇಕಿತ್ತಲ್ಲ? ಸೃಷ್ಟಿಸಲು ಅವನಿಗೆ ಶರೀರ ಬೇಕೆಂದರೆ ಆ ಶರೀರವನ್ನು ಸೃಷ್ಟಿಸಿದವರು ಯಾರು? ಮೀಮಾಂಸಕರಿಗೆ ವೇದವೇ ಅನಾದಿ, ಅಪೌರುಷೇಯ. ಅದಕ್ಕೊಬ್ಬ ಕರ್ತೃ ಬಂದರೆ ವೇದದ ಪ್ರಾಮಾಣ್ಯವೇ ಆ ಕರ್ತೃವಿನ ಮೇಲೆ ನಿಲ್ಲಬೇಕಾಗುತ್ತದೆಂಬ ಆತಂಕ.

ಕರ್ನಾಟಕದ ನೆಲದಲ್ಲಿ ಈ ಪ್ರಶ್ನೆಯನ್ನು ಮೊದಲು ದೊಡ್ಡ ದನಿಯಲ್ಲಿ ಕೇಳಿದವರು ಜೈನ ಆಚಾರ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಆದಿಪುರಾಣ'ದ ನಾಲ್ಕನೇ ಪರ್ವದಲ್ಲಿ ಕಥೆಯನ್ನು ತಡೆದು ಸೃಷ್ಟಿಕರ್ತೃವಾದವನ್ನು ಎದುರಿಸುತ್ತಾರೆ. ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಮೂರ್ತಿಯಿಲ್ಲದವನು ಮೂರ್ತ ಜಗತ್ತನ್ನು ಹೇಗೆ ಮಾಡಿದ? ಇಚ್ಛೆ ಹುಟ್ಟಿತೆಂದರೆ ಅವನು ಪೂರ್ಣನಲ್ಲ ಎಂದಾಯಿತಲ್ಲ? ಪ್ರಶ್ನೆಯ ಮೇಲೆ ಪ್ರಶ್ನೆ. ಅವರ ನಿಲುವಿನಲ್ಲಿ ಜಗತ್ತು ಆದಿ ಅಂತ್ಯಗಳಿಲ್ಲದ್ದು, ತನ್ನ ಸ್ವಭಾವದಿಂದಲೇ ನಡೆಯುವಂಥದ್ದು. ಇದೇ ಪುರಾಣದ ಕಥೆಯನ್ನು ಹಿಡಿದು ಪಂಪ 941ರಲ್ಲಿ ಕನ್ನಡದ 'ಆದಿಪುರಾಣ' ಬರೆದ. ನಮ್ಮ ಆದಿಕವಿಯ ಕಾವ್ಯ ಹುಟ್ಟಿದ್ದು ಸೃಷ್ಟಿಕರ್ತನಿಲ್ಲದ ಜಗತ್ತಿನ ಕಲ್ಪನೆಯೊಳಗೆ. ಕನ್ನಡ ಸಾಹಿತ್ಯವನ್ನು ಪ್ರೀತಿಸುವವರು ಈ ಸಂಗತಿಯನ್ನು ಮರೆಯಬಾರದು. 'ಆಪ್ತಪರೀಕ್ಷೆ' ಬರೆದ ವಿದ್ಯಾನಂದರು ಇದೇ ಕೆಲಸವನ್ನು ಪೂರ್ಣ ತಾರ್ಕಿಕ ಶಿಸ್ತಿನಿಂದ ಮಾಡಿದರು. ಅವರು ಗಂಗರ ಆಳ್ವಿಕೆಯ ನಾಡಿನಲ್ಲಿದ್ದವರು.

ಬೌದ್ಧರು, ಜೈನರು ಒಪ್ಪಲಿಲ್ಲ ಎನ್ನುವುದರಲ್ಲಿ ವಿಶೇಷವಿಲ್ಲ ಎಂದು ಯಾರಾದರೂ ಹೇಳಬಹುದು. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿ ಇನ್ನು ಮುಂದಿದೆ. ಶೃಂಗೇರಿ, ಮೇಲುಕೋಟೆ, ಉಡುಪಿ: ಕರ್ನಾಟಕದ ಈ ಮೂರು ಕ್ಷೇತ್ರಗಳೊಡನೆ ಹೆಣೆದುಕೊಂಡಿರುವ ಮೂವರು ಆಚಾರ್ಯರೂ ಊಹೆಯಿಂದ ದೇವರನ್ನು ಸಾಧಿಸುವ ವಾದವನ್ನು ಒಪ್ಪಲಿಲ್ಲ. ಮೂವರ ಸಿದ್ಧಾಂತಗಳು ಒಂದಕ್ಕೊಂದು ಎದುರು. ಈ ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಕಡೆ. ಬ್ರಹ್ಮಸೂತ್ರದ ಎರಡನೇ ಸೂತ್ರ ಜಗತ್ತಿನ ಹುಟ್ಟು ಮೊದಲಾದವು ಯಾವುದರಿಂದಲೋ ಅದು ಬ್ರಹ್ಮ ಎನ್ನುತ್ತದೆ. ಇದು ಅನುಮಾನವನ್ನು, ಅಂದರೆ ಊಹೆಯ ವಾದವನ್ನು, ಹೇಳುವ ಸೂತ್ರವಲ್ಲ, ಉಪನಿಷತ್ತಿನ ವಾಕ್ಯಗಳನ್ನು ಪೋಣಿಸುವ ಸೂತ್ರ ಎಂದು ಶಂಕರರು ಸ್ಪಷ್ಟಪಡಿಸುತ್ತಾರೆ. ಎರಡನೇ ಅಧ್ಯಾಯದಲ್ಲಿ, ಈಶ್ವರನನ್ನು ಕುಂಬಾರನಂತೆ ಬರೀ ನಿಮಿತ್ತಕಾರಣವೆಂದು ಹೇಳುವವರ ಮತವನ್ನು ನೇರವಾಗಿ ಖಂಡಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರ 'ವಿಷ್ಣುತತ್ತ್ವವಿನಿರ್ಣಯ'ದಲ್ಲಿ ವಿಷ್ಣು ತಿಳಿಯುವುದು ಸದಾಗಮಗಳಿಂದ ಮಾತ್ರ, ಬರಿಯ ಅನುಮಾನದಿಂದ ಅಲ್ಲ ಎಂಬುದೇ ಆರಂಭದ ಮಾತು.

ರಾಮಾನುಜರದು ಇನ್ನೂ ಸವಿಸ್ತರವಾದ ಖಂಡನೆ. ಬ್ರಹ್ಮಸೂತ್ರಕ್ಕೆ ಬರೆದ 'ಶ್ರೀಭಾಷ್ಯ'ದಲ್ಲಿ, ಮೂರನೇ ಸೂತ್ರಕ್ಕೆ ಬಂದಾಗ, ಅವರು ನೈಯಾಯಿಕನ ವಾದವನ್ನು ಪೂರ್ತಿ ಮಂಡಿಸಿ ಆಮೇಲೆ ಒಂದೊಂದೇ ಕೊಂಡಿ ಬಿಡಿಸುತ್ತಾರೆ. ಭೂಮಿ, ಸಮುದ್ರ, ಬೆಟ್ಟಗಳು ಕಾರ್ಯಗಳೆಂದು ಒಪ್ಪಿದರೂ ಎಲ್ಲವೂ ಒಂದೇ ಕಾಲದಲ್ಲಿ, ಒಬ್ಬನಿಂದಲೇ ಆದವೆಂದು ಹೇಳಲು ಏನು ಆಧಾರ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದು. ಪುಣ್ಯವಿಶೇಷದಿಂದ ಅಸಾಧಾರಣ ಶಕ್ತಿ ಪಡೆದ ಜೀವರೇ ಮಾಡಿರಬಹುದು. ಅರಮನೆಯನ್ನೋ ರಥವನ್ನೋ ನೋಡಿ, ದೊಡ್ಡ ಕೆಲಸವಾದಷ್ಟೂ ಕೈಗಳು ಹೆಚ್ಚು. ಇನ್ನು ಉದಾಹರಣೆಯಿಂದ ಊಹೆ ಮಾಡುವುದಾದರೆ ಪೂರ್ತಿ ಮಾಡಬೇಕು. ಕುಂಬಾರನಿಗಿರುವ ಮೈ, ಮಿತವಾದ ತಿಳಿವಳಿಕೆ, ಮಿತವಾದ ಶಕ್ತಿ ಎಲ್ಲವೂ ಜಗತ್ಕರ್ತನಿಗೂ ಬರಬೇಕಾಗುತ್ತದೆ. ಬೇಕಾದದ್ದನ್ನು ಆರಿಸಿಕೊಂಡು ಬೇಡದ್ದನ್ನು ಬಿಡಲು ಅವಕಾಶವಿಲ್ಲ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಸತ್ತ ಮೂರು ವರ್ಷಕ್ಕೆ, 1779ರಲ್ಲಿ, ಸಹಜ ಧರ್ಮದ ಬಗೆಗಿನ ಅವನ ಸಂವಾದಗಳ ಪುಸ್ತಕ ಪ್ರಕಟವಾಯಿತು. ಮನೆ, ಹಡಗು, ನಗರ ಕಟ್ಟಲು ಅನೇಕರು ಸೇರುತ್ತಾರಲ್ಲ, ಜಗತ್ತನ್ನು ಅನೇಕ ದೇವತೆಗಳು ಸೇರಿ ಕಟ್ಟಿರಬಾರದೇಕೆ ಎಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ದೇವರ ಅಸ್ತಿತ್ವದ ವಾದಕ್ಕೆ ಬಿದ್ದ ದೊಡ್ಡ ಹೊಡೆತವೆಂದು ಯುರೋಪಿನ ತತ್ತ್ವಶಾಸ್ತ್ರ ಅದನ್ನು ಇವತ್ತಿಗೂ ಪಾಠ ಮಾಡುತ್ತದೆ. ಅದೇ ಆಕ್ಷೇಪವನ್ನು ಆರು ಶತಮಾನಕ್ಕೂ ಹಿಂದೆ ಎತ್ತಿದವರು ನಾರಾಯಣನ ಪರಮಭಕ್ತರು. ಹ್ಯೂಮ್ ಅದನ್ನು ಬಳಸಿದ್ದು ಸಂದೇಹಕ್ಕೆ ದಾರಿ ಮಾಡಲು. ರಾಮಾನುಜರು ಬಳಸಿದ್ದು, ದೇವರನ್ನು ತಿಳಿಯುವ ದಾರಿ ಶಾಸ್ತ್ರವೇ ಹೊರತು ಮಡಕೆಯ ಉದಾಹರಣೆಯಲ್ಲ ಎಂದು ತೋರಿಸಲು. ವಾದ ಒಂದೇ, ತಲುಪಿದ ಊರು ಬೇರೆ. ದೇವರ ಪುರಾವೆಯನ್ನು ಪ್ರಶ್ನಿಸಿದವನೆಲ್ಲ ದೇವರ ವೈರಿ ಎಂದು ಭಾವಿಸುವವರು, ಪುರಾವೆ ಬಿದ್ದ ಕೂಡಲೇ ಭಕ್ತಿಯೂ ಬಿತ್ತೆಂದು ಭಾವಿಸುವವರು, ಇಬ್ಬರೂ ಮೇಲುಕೋಟೆಯ ಬೆಟ್ಟದಲ್ಲಿ ನೆಲೆಸಿದ್ದ ಈ ಆಚಾರ್ಯರನ್ನು ಓದಬೇಕು.

ಉದಯನರ ಬತ್ತಳಿಕೆಯಲ್ಲಿ ಮಡಕೆಯ ವಾದವೊಂದೇ ಇರಲಿಲ್ಲ. ಐದನೇ ಸ್ತಬಕದಲ್ಲಿ ಅವರು ಒಂದಾದ ಮೇಲೊಂದು ಹೇತುಗಳನ್ನು ಎಣಿಸುತ್ತಾರೆ. ಸೃಷ್ಟಿಯ ಆರಂಭದಲ್ಲಿ ಜಡವಾದ ಪರಮಾಣುಗಳನ್ನು ಮೊದಲು ಚಲಿಸುವಂತೆ ಮಾಡಿದವರು ಯಾರು? ಲೋಕ ಬೀಳದಂತೆ ಧರಿಸಿರುವುದು ಯಾರ ಪ್ರಯತ್ನ? ನೇಯುವುದು, ಮಾತಾಡುವುದು ಮೊದಲಾದ ವ್ಯವಹಾರಗಳನ್ನು ಮೊದಲಿಗೆ ಕಲಿಸಿದವರು ಯಾರು? ವೇದದ ಪ್ರಾಮಾಣ್ಯ ಎಲ್ಲಿಂದ? ಇವುಗಳಲ್ಲಿ ಕೆಲವು ಇವತ್ತು ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡಲಾರವು. ಅವರ ಪಟ್ಟಿಯ ಕೊನೆಗೆ ಬರುವ ಸಂಖ್ಯೆಯ ವಾದ ಮಾತ್ರ ಹಿಡಿದಿಡುತ್ತದೆ.

ಕಿಟಕಿಯ ಸಂದಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವನ್ನು ನೋಡಿ. ಪರಮಾಣುವಾದಿಗಳಾದ ವೈಶೇಷಿಕರ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ಅತಿ ಚಿಕ್ಕ ವಸ್ತು ಅದು. ಮೂರು ದ್ವ್ಯಣುಕಗಳು ಸೇರಿ ಆ ಕಣವಾಗುತ್ತದೆ, ಎರಡೆರಡು ಪರಮಾಣುಗಳು ಸೇರಿ ಒಂದೊಂದು ದ್ವ್ಯಣುಕ. ಆದರೆ ಒಂದು ತೊಡಕು. ಪರಮಾಣುವಿನ ಗಾತ್ರ ಅತ್ಯಲ್ಪ, ಅಲ್ಪಕ್ಕೆ ಅಲ್ಪ ಕೂಡಿದರೆ ಇನ್ನಷ್ಟು ಅಲ್ಪವೇ ಹುಟ್ಟಬೇಕು, ದೊಡ್ಡದು ಹುಟ್ಟುವುದು ಹೇಗೆ? ಗಾತ್ರದಿಂದ ಗಾತ್ರ ಹುಟ್ಟಲಿಲ್ಲ, ಸಂಖ್ಯೆಯಿಂದ ಹುಟ್ಟಿತು ಎನ್ನುತ್ತಾರೆ ಅವರು. ಎರಡೆಂಬ, ಮೂರೆಂಬ ಸಂಖ್ಯೆಯೇ ಗಾತ್ರಕ್ಕೆ ಕಾರಣ. ಇನ್ನು ಎರಡು ಮತ್ತು ಅದರ ಮೇಲಿನ ಸಂಖ್ಯೆಗಳು ವಸ್ತುವಿನಲ್ಲಿ ತಾವಾಗಿ ಇರುವುದಿಲ್ಲ. "ಇದೊಂದು, ಅದೊಂದು" ಎಂದು ಎಣಿಸುವ ಬುದ್ಧಿಯೊಂದು ಇದ್ದಾಗ ಹುಟ್ಟುತ್ತವೆ. ಸೃಷ್ಟಿಯ ಆರಂಭದಲ್ಲಿ ಎಣಿಸಲು ಯಾರಿದ್ದರು? ಮನುಷ್ಯನಿರಲಿಲ್ಲ, ಯಾವ ಜೀವಿಯ ಮೈಯೂ ಇನ್ನೂ ಆಗಿರಲಿಲ್ಲ. ಎರಡು ಪರಮಾಣುಗಳನ್ನು ಎರಡೆಂದು ಎಣಿಸಿದ ಬುದ್ಧಿ ಈಶ್ವರನದೇ ಆಗಿರಬೇಕು.

ಇದರ ಕೆಳಗಿರುವ ಪರಮಾಣುವಿಜ್ಞಾನ ಇವತ್ತು ನಿಲ್ಲುವುದಿಲ್ಲ. ಪ್ರಶ್ನೆ ಮಾತ್ರ ನಿಂತಿದೆ. ಎಣಿಸುವವರು ಯಾರೂ ಇಲ್ಲದ ಜಗತ್ತಿನಲ್ಲಿ ಎರಡೆಂಬುದು ಇದೆಯೇ? ಗಣಿತದ ಸತ್ಯಗಳು ಯಾವ ಮನಸ್ಸಿನಲ್ಲೂ ಇಲ್ಲದಿದ್ದರೆ ಎಲ್ಲಿ ಇರುತ್ತವೆ? ರೋಮನ್ ಆಫ್ರಿಕಾದ ಸಂತ ಅಗಸ್ಟೀನರೂ ಉದಯನರಿಗಿಂತ ಆರು ಶತಮಾನ ಮುಂಚೆ ಸಂಖ್ಯೆಗಳ ಬದಲಾಗದ ಸತ್ಯದಿಂದ ದೇವರ ಕಡೆಗೆ ಒಂದು ದಾರಿ ಹುಡುಕಿದ್ದರು. ಇಬ್ಬರಿಗೂ ಪರಸ್ಪರ ಪರಿಚಯದ ಪ್ರಶ್ನೆಯೇ ಇಲ್ಲ. ಮಡಕೆಯ ವಾದಕ್ಕಿಂತ ಸಂಖ್ಯೆಯ ವಾದ ಆಳವಾದದ್ದು ಎಂಬುದು ನನ್ನ ತೀರ್ಮಾನ. ಮಡಕೆಯ ವಾದ ವಸ್ತುಗಳನ್ನು ಮಾಡಿದವನನ್ನು ಹುಡುಕುತ್ತದೆ, ಇದು ವಸ್ತುಗಳಿಗೆ ಲೆಕ್ಕವೆಂಬುದು ಹೇಗೆ ಬಂತೆಂದು ಕೇಳುತ್ತದೆ. ಮೊದಲನೆಯದಕ್ಕೆ ಚಾರ್ಲ್ಸ್ ಡಾರ್ವಿನ್ 1859ರಲ್ಲಿ, ಕನಿಷ್ಠ ಜೀವಿಗಳ ಮಟ್ಟಿಗೆ, ಬೇರೆ ಉತ್ತರ ಕೊಟ್ಟ. ಎರಡನೆಯದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಬಂದಿಲ್ಲ.

ಪಶ್ಚಿಮದ ಇನ್ನೊಂದು ಪ್ರಸಿದ್ಧ ವಾದವನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1077-78ರ ಸುಮಾರಿಗೆ ಆನ್ಸೆಲ್ಮ್ ಎಂಬ ಕ್ರೈಸ್ತ ಸನ್ಯಾಸಿ, ಯಾವುದಕ್ಕಿಂತ ದೊಡ್ಡದನ್ನು ಊಹಿಸಲಾಗದೋ ಅದೇ ದೇವರು, ಅಂಥದ್ದು ಬರೀ ಮನಸ್ಸಿನಲ್ಲಿದ್ದು ಹೊರಗೆ ಇಲ್ಲದಿದ್ದರೆ ಅದಕ್ಕಿಂತ ದೊಡ್ಡದನ್ನು ಊಹಿಸಬಹುದಾಗುತ್ತದೆ, ಆದ್ದರಿಂದ ಅದು ಇರಲೇಬೇಕು ಎಂದ. ಗೌನಿಲೋ ಎಂಬ ಇನ್ನೊಬ್ಬ ಸನ್ಯಾಸಿ ಕೂಡಲೇ, ಹೀಗೆ ವಾದಿಸಿದರೆ ಅತ್ಯುತ್ತಮ ದ್ವೀಪವೊಂದು ಎಲ್ಲೋ ಇದೆಯೆಂದೂ ಸಾಧಿಸಬಹುದಲ್ಲ ಎಂದು ತಿರುಗೇಟು ಕೊಟ್ಟ. ಉದಯನರ ಆಸುಪಾಸಿನ ಕಾಲದ್ದೇ ಈ ವಾದ. ನಮ್ಮ ತಾರ್ಕಿಕರ ಮುಂದೆ ಇದನ್ನು ಇಟ್ಟಿದ್ದರೆ ಅವರು ಮೊದಲು ಕೇಳುತ್ತಿದ್ದದ್ದು "ದೃಷ್ಟಾಂತವೆಲ್ಲಿ?" ಎಂದೇ ಇರಬೇಕು. ಮೂರನೇ ಅವಯವವಾಗಿ ಉದಾಹರಣೆಯನ್ನು ತೋರಿಸದೆ ನ್ಯಾಯದ ಅನುಮಾನ ಪೂರ್ತಿಯಾಗುವುದಿಲ್ಲ. ಬರೀ ಕಲ್ಪನೆಯಿಂದ ಇರವನ್ನು ಹಿಂಡಿ ತೆಗೆಯಲು ಆ ಚೌಕಟ್ಟು ಬಿಡುವುದಿಲ್ಲ. ಅದೇ ಅಳತೆಗೋಲನ್ನು ಇಂದಿನ ಭೌತವಿಜ್ಞಾನದ ಸುತ್ತ ಹಬ್ಬಿರುವ ಹೊಸ ವಾದಕ್ಕೂ ಹಿಡಿಯಬಹುದು. ಪ್ರಕೃತಿಯ ಸ್ಥಿರಾಂಕಗಳು ಕೊಂಚ ಬೇರೆಯಾಗಿದ್ದರೂ ನಕ್ಷತ್ರಗಳಾಗಲಿ ಜೀವವಾಗಲಿ ಆಗುತ್ತಿರಲಿಲ್ಲ, ಆದ್ದರಿಂದ ಯಾರೋ ಹೊಂದಿಸಿಟ್ಟಿದ್ದಾರೆ ಎನ್ನುವ ವಾದ. ಹೊಂದಿಸಿದ ಜಗತ್ತು, ಹೊಂದಿಸದ ಜಗತ್ತು ಎರಡನ್ನೂ ನೋಡಿ ಹೋಲಿಸಿದವರು ಯಾರಿದ್ದಾರೆ? ನಮ್ಮ ಕಣ್ಣ ಮುಂದಿರುವುದು ಒಂದೇ ಜಗತ್ತು. ಧರ್ಮಕೀರ್ತಿಯವರ ಹುತ್ತ ಇಲ್ಲೂ ಅಡ್ಡ ಬರುತ್ತದೆ.

ಕನ್ನಡದಲ್ಲಿ ಈ ಚರ್ಚೆಯನ್ನು ನಮ್ಮ ಕಾಲಕ್ಕೆ ತಂದವರು ಎ. ಎನ್. ಮೂರ್ತಿರಾಯರು. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಬರೆದ 'ದೇವರು' ಎಂಬ ಪುಸ್ತಕದಲ್ಲಿ ಕಾಡುವ ಪ್ರಶ್ನೆ ಮುಖ್ಯವಾಗಿ ದುಃಖದ್ದು. ಅಂದರೆ ಕುಮಾರಿಲ ಭಟ್ಟರು ಕೇಳಿದ ಕರುಣೆಯ ಪ್ರಶ್ನೆಗೆ ಹತ್ತಿರದ್ದು. ಇದಕ್ಕೆ ನೈಯಾಯಿಕರ ಉತ್ತರ ಕರ್ಮ. ಸುಖದುಃಖಗಳಲ್ಲಿ ವ್ಯತ್ಯಾಸವಿರುವುದು ಜೀವರ ಪುಣ್ಯಪಾಪಗಳಿಂದ, ಅದೃಷ್ಟವೆಂಬ ಆ ಲೆಕ್ಕ ಜಡವಾದ್ದರಿಂದ ಅದನ್ನು ನೋಡಿಕೊಂಡು ಫಲ ಹಂಚಲು ಚೇತನನೊಬ್ಬ ಬೇಕು, ಅವನೇ ಈಶ್ವರ. ಉದಯನರಿಗೆ ದುಃಖ ಈಶ್ವರನ ವಿರುದ್ಧ ಸಾಕ್ಷಿಯಾಗುವ ಬದಲು ಈಶ್ವರನ ಪರವಾದ ಸಾಕ್ಷಿಯೇ ಆಗುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಈ ಉತ್ತರವನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ತರ್ಕದಲ್ಲಿ ಅದು ಸುಸಂಬದ್ಧವಾಗಿದೆ ಎಂದು 'ಕುಸುಮಾಂಜಲಿ' ಓದಿದವರು ಒಪ್ಪಬೇಕಾಗುತ್ತದೆ, ಒಪ್ಪಿದ ಮೇಲೂ ಮೂರ್ತಿರಾಯರ ಪ್ರಶ್ನೆ ಮಾಯವಾಗುವುದಿಲ್ಲ. ನಾನು ಮೂರ್ತಿರಾಯರ ಕಡೆಗೇ ಹೆಚ್ಚು ವಾಲುತ್ತೇನೆ.

ಆದರೂ ಉದಯನರನ್ನು ಪ್ರೀತಿಸದಿರಲು ಆಗುವುದಿಲ್ಲ. ಐದು ಸ್ತಬಕಗಳ ಉದ್ದಕ್ಕೂ ಎದುರಾಳಿಗಳನ್ನು ಬಿಡದೆ ಬೆನ್ನಟ್ಟಿದ ಅವರು ಗ್ರಂಥದ ಕೊನೆಗೆ ಬಂದಾಗ ಆ ಎದುರಾಳಿಗಳಿಗಾಗಿಯೇ ದೇವರಲ್ಲಿ ಬೇಡಿಕೊಳ್ಳುತ್ತಾರೆ. ಇಷ್ಟು ಯುಕ್ತಿಗಳಿಂದ ತೊಳೆದರೂ ಇವರ ಮನಸ್ಸಿನಲ್ಲಿ ನಿನಗೆ ಜಾಗ ಸಿಗಲಿಲ್ಲವೆಂದರೆ ಇವರದು ಕಲ್ಲುಮನಸ್ಸೇ ಸರಿ, ಆದರೆ ನಿನ್ನನ್ನು ವಿರೋಧಿಸುವ ನೆಪದಲ್ಲಾದರೂ ಇವರು ತೀವ್ರವಾಗಿ ನಿನ್ನನ್ನೇ ಚಿಂತಿಸಿದ್ದಾರೆ, ಕಾಲ ಬಂದಾಗ ಕರುಣೆಯಿಂದ ಇವರನ್ನೂ ಕಾಯಬೇಕು ಎಂದು. ದೇವರಿಲ್ಲವೆಂದು ಹೇಳುವವನ ಮೇಲೆ ಕೈ ಎತ್ತುವ ಆಸ್ತಿಕರು ಇವತ್ತು ಇದ್ದಾರೆ. ಅವರು ತಮ್ಮ ಪರಂಪರೆ ಎಂದು ಯಾವುದನ್ನು ಕರೆಯುತ್ತಾರೋ ಅದರ ಶ್ರೇಷ್ಠ ತಾರ್ಕಿಕ ಹೀಗೆ ಬೇಡಿಕೊಂಡಿದ್ದಾರೆ.

ಆ ಎದುರಾಳಿಗಳ ಮಾತು ಬಹುಕಾಲ ನಮಗೆ ಅರ್ಧವಷ್ಟೇ ಕೇಳಿಸುತ್ತಿತ್ತು. ಮಿಥಿಲೆಯಿಂದ ಬಹು ದೂರವೇನೂ ಇಲ್ಲದ, ಈಗಿನ ಬಿಹಾರದಲ್ಲೇ ಇರುವ ವಿಕ್ರಮಶಿಲಾ ಮಹಾವಿಹಾರದಲ್ಲಿ ಹನ್ನೊಂದನೇ ಶತಮಾನದಲ್ಲಿದ್ದ ಬೌದ್ಧ ಪಂಡಿತ ರತ್ನಕೀರ್ತಿಯವರು 'ಈಶ್ವರಸಾಧನದೂಷಣ' ಎಂಬ ಗ್ರಂಥ ಬರೆದು ನೈಯಾಯಿಕರ ಈ ಅನುಮಾನವನ್ನು ಎಳೆಎಳೆಯಾಗಿ ಬಿಡಿಸಿದ್ದರು. ವಿಹಾರ ನಾಶವಾಯಿತು, ಅಲ್ಲಿನ ಪಂಡಿತರು ಚದುರಿದರು. ಹದಿನಾಲ್ಕನೇ ಶತಮಾನದಲ್ಲಿ ಗಂಗೇಶೋಪಾಧ್ಯಾಯರು 'ತತ್ತ್ವಚಿಂತಾಮಣಿ'ಯಲ್ಲಿ ಈಶ್ವರಾನುಮಾನವನ್ನು ಮತ್ತೆ ಎತ್ತಿಕೊಂಡಾಗ ಎದುರು ನಿಂತು ಉತ್ತರಿಸಬಲ್ಲ ಬೌದ್ಧ ತಾರ್ಕಿಕರು ಆ ಸೀಮೆಯಲ್ಲಿ ಉಳಿದಿರಲಿಲ್ಲ. ರತ್ನಕೀರ್ತಿಯವರ ಓಲೆಗಳು ಟಿಬೆಟ್ಟಿನ ಮಠಗಳಲ್ಲಿ ಉಳಿದುಕೊಂಡವು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಹಿಮಾಲಯ ದಾಟಿ ಹೋಗಿ ಅಲ್ಲಿ ಹುಡುಕಿದ ಸಂಸ್ಕೃತ ಗ್ರಂಥಗಳ ರಾಶಿಯಲ್ಲಿ ಅವೂ ಇದ್ದವು. ಅನಂತಲಾಲ ಠಾಕೂರರು ಅವನ್ನು ಸಂಪಾದಿಸಿ 1957ರಲ್ಲಿ ಪಟ್ನಾದಿಂದ ಪ್ರಕಟಿಸಿದರು. ಹೆಚ್ಚುಕಡಿಮೆ ಒಂಬೈನೂರು ವರ್ಷಗಳ ಮೇಲೆ, ಆಸ್ತಿಕ ತಾರ್ಕಿಕರನ್ನೂ ಅವರ ಪ್ರಬಲ ಎದುರಾಳಿಯನ್ನೂ ಒಂದೇ ಮೇಜಿನ ಮೇಲಿಟ್ಟು ಓದುವುದು ಅವತ್ತಿನಿಂದ ಸಾಧ್ಯವಾಯಿತು.